ಸ್ಟಿಯರಿಂಗ್ ಸಿಕ್ಕಿಕೊಂಡರೆ ಲೈಟು ಮಂಕು, ಆಮೇಲೆ ರಿಸೀವರೇ ಆಫ್: ಆರ್‌ಸಿ (ರಿಮೋಟ್) ಗಾಡಿಯಲ್ಲಿ ಸರ್ವೋಗೂ ಲೈಟಿಗೂ ವೋಲ್ಟೇಜ್ ಹೇಗೆ ಕೊಡಬೇಕು?

ಘಾಟಿ_ಕ್ರಾಲರ್

ಎಲ್ಲರಿಗೂ ನಮಸ್ಕಾರ. ನನ್ನದು 1:10 ಅಳತೆಯ ಕ್ರಾಲರ್ (ಕಲ್ಲು ಹತ್ತುವ ಗಾಡಿ). 3ಎಸ್ ಲೈಪೋ (ಮೂರು ಸೆಲ್‌ನ ಲಿಥಿಯಂ ಬ್ಯಾಟರಿ), ಬ್ರಷ್ಡ್ ಮೋಟಾರ್. ಬಿಇಸಿ (ಬ್ಯಾಟರಿ ವೋಲ್ಟೇಜ್ ಇಳಿಸಿ ರಿಸೀವರಿಗೂ ಸರ್ವೋಗೂ ಕೊಡುವ ರೆಗ್ಯುಲೇಟರ್) ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡು) ಒಳಗೇ ಇದೆ, ಅದರ ಮೇಲೆ 6 ವೋಲ್ಟ್ 3 ಆ್ಯಂಪ್ ಅಂತ ಬರೆದಿದೆ. ಸ್ಟಿಯರಿಂಗ್ ತಿರುಗಿಸುವ ಹಳೇ ಸರ್ವೋದ ಗೇರ್ ಸವೆದಿತ್ತು. ಅದನ್ನು ತೆಗೆದು 25 ಕೆಜಿ ಬಲದ ಮೆಟಲ್ ಗೇರ್ ಡಿಜಿಟಲ್ ಸರ್ವೋ ಹಾಕಿದ್ದೇನೆ. ಜೊತೆಗೆ ಮುಂದೆ 4 ಬಿಳಿ, ರೂಫಿನ ಮೇಲೆ 6 ಬಿಳಿ, ಹಿಂದೆ 4 ಕೆಂಪು ಎಲ್‌ಇಡಿ. ಲೈಟಿಗೆ ರಿಸೀವರಿನ ಖಾಲಿ ಚಾನೆಲ್‌ನಿಂದಲೇ ಕರೆಂಟು.

ಬಯಲಲ್ಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ತೋಟದ ಪಕ್ಕದ ಹಳ್ಳದಲ್ಲಿ, ಮುಂದಿನ ಚಕ್ರ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಲೈಟು ಮಂಕಾಗುತ್ತದೆ. ಹಾಗೇ ಹಿಡಿದರೆ ಎಲ್ಲಾ ಆಫ್. ಸ್ವಲ್ಪ ಹೊತ್ತಿಗೆ ತಾನಾಗಿ ವಾಪಸ್ ಬರುತ್ತದೆ. ಬ್ಯಾಟರಿ ಫುಲ್ ಚಾರ್ಜ್ ಆಗಿದ್ದಾಗಲೂ ಹೀಗೇ. ಇಎಸ್‌ಸಿ ಬದಲಿಸಬೇಕಾ, ಸರ್ವೋ ಸರಿ ಇಲ್ವಾ, ಅಥವಾ ಲೈಟು ಜಾಸ್ತಿ ಆಯ್ತಾ?

ಸ್ಕೇಲ್_ಲಾರಿ

ಎರಡು ವಿಷಯ ಹೇಳಿ. ಆಫ್ ಆದ ಮೇಲೆ ವಾಪಸ್ ಬರಲು ಒಂದೆರಡು ಸೆಕೆಂಡ್ ಸಾಕಾ, ಅಥವಾ ನಿಮಿಷಗಟ್ಟಲೆ ಬೇಕಾ? ಆಗ ಇಎಸ್‌ಸಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇರುತ್ತದಾ?

ಕೇಳಿದ್ದು ಯಾಕೆಂದರೆ ಹೊರಗಿನಿಂದ ನೋಡಲು ಎರಡೂ ಒಂದೇ ಥರ ಕಂಡರೂ ಕಾಯಿಲೆ ಬೇರೆ. ರೆಗ್ಯುಲೇಟರ್ ಕಾದು ತನ್ನನ್ನು ತಾನೇ ಬಂದ್ ಮಾಡಿಕೊಂಡರೆ ಆರುವವರೆಗೂ ಏಳುವುದಿಲ್ಲ. ವೋಲ್ಟೇಜ್ ಕುಸಿದು ರಿಸೀವರ್ ರೀಬೂಟ್ ಆದರೆ ಕೂಡಲೇ ಏಳುತ್ತದೆ.

ಕರಾವಳಿ_ಬಗ್ಗಿ

ರಿಸೀವರಿನ ಖಾಲಿ ಚಾನೆಲ್‌ಗೆ ಒಂದು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. 16 ವೋಲ್ಟಿನದ್ದು. ಗ್ಲಿಚ್ ಬಸ್ಟರ್ ಅಂತ ರೆಡಿಮೇಡ್ ಕೂಡ ಸಿಗುತ್ತದೆ. ನಮ್ಮ ಕಡೆ ರೇಸ್ ಓಡಿಸುವವರು ಸುಮಾರು ಜನ ಇದನ್ನೇ ಹಾಕಿಕೊಳ್ಳುತ್ತಾರೆ. ಪ್ಲಸ್ ಮೈನಸ್ ಮಾತ್ರ ಉಲ್ಟಾ ಆಗಬಾರದು, ಎಲೆಕ್ಟ್ರೋಲಿಟಿಕ್ ಸಿಡಿಯುತ್ತದೆ.

ಘಾಟಿ_ಕ್ರಾಲರ್

ಒಂದೆರಡು ಸೆಕೆಂಡ್ ಅಷ್ಟೇ ಮೇಡಂ. ರಿಸೀವರಿನ ಕೆಂಪು ದೀಪ ಆರಿ, ಮಿನುಗಿ, ಮತ್ತೆ ಉರಿಯುತ್ತದೆ. ಇಎಸ್‌ಸಿ ಬೆಚ್ಚಗಿರುತ್ತದೆ, ಸುಡುವಷ್ಟಿಲ್ಲ. ಲೈಟಿನ ಪ್ಲಗ್ ತೆಗೆದು ನೋಡಿದೆ. ಆಗ ಆಫ್ ಆಗುವುದು ಕಡಿಮೆ, ಆದರೆ ಪೂರ್ತಿ ನಿಂತಿಲ್ಲ.

ತಾಮ್ರದ_ತಂತಿ

ನಿಮ್ಮ ಉತ್ತರದಲ್ಲೇ ಎಲ್ಲಾ ಇದೆ. ಇದು ಬ್ರೌನ್‌ಔಟ್, ಅಂದರೆ ವೋಲ್ಟೇಜ್ ಕುಸಿತ. ಇಎಸ್‌ಸಿ ಕೆಟ್ಟಿಲ್ಲ, ಸರ್ವೋನೂ ಕೆಟ್ಟಿಲ್ಲ. ಬೋರ್‌ವೆಲ್ ಪಂಪು ಸ್ಟಾರ್ಟ್ ಆದ ಕ್ಷಣ ಮನೆಯ ಬಲ್ಬು ಮಂಕಾಗುತ್ತದಲ್ಲ, ಅದೇ ಇಲ್ಲೂ ನಡೆಯುತ್ತಿದೆ. ಒಂದೇ ಲೈನಿನಲ್ಲಿ ದೊಡ್ಡ ಮೋಟಾರ್ ಕೂತಿದೆ, ಅದೇ ಲೈನಿನಲ್ಲಿ ವೋಲ್ಟೇಜ್ ಬಿದ್ದರೆ ತಡೆಯದ ರಿಸೀವರೂ ಕೂತಿದೆ.

ಸರ್ವೋ ಅಂದರೆ ಒಳಗೆ ಒಂದು ಡಿಸಿ ಮೋಟಾರ್. ಅದು ತಿರುಗುತ್ತಿರುವಾಗ ತನ್ನದೇ ಹಿಮ್ಮುಖ ವೋಲ್ಟೇಜ್ ಹುಟ್ಟಿಸುತ್ತದೆ, ಹಾಗಾಗಿ ಕರೆಂಟು ಹದ್ದುಬಸ್ತಿನಲ್ಲಿರುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿ ಮೋಟಾರ್ ನಿಂತೇ ಹೋದರೆ ಆ ತಡೆ ಇರುವುದಿಲ್ಲ. ವೈಂಡಿಂಗಿನ ರೆಸಿಸ್ಟೆನ್ಸ್ ಎಷ್ಟು ಬಿಡುತ್ತದೋ ಅಷ್ಟೂ ಎಳೆಯುತ್ತದೆ. ಅದೇ ಸ್ಟಾಲ್ ಕರೆಂಟು. ಇನ್ನೂ ಕೆಟ್ಟ ಕ್ಷಣ ಒಂದಿದೆ. ಸರ್ವೋ ಜೋರಾಗಿ ಎಡಕ್ಕೆ ಹೋಗುತ್ತಿರುವಾಗ ನೀವು ಥಟ್ಟನೆ ಬಲಕ್ಕೆ ತಿರುಗಿಸಿದರೆ ಆ ಹಿಮ್ಮುಖ ವೋಲ್ಟೇಜ್ ಕೂಡ ಸೇರಿಕೊಂಡು, ಕೆಲವು ಮಿಲಿಸೆಕೆಂಡ್ ಮಟ್ಟಿಗೆ ಸ್ಟಾಲ್‌ಗಿಂತಲೂ ಜಾಸ್ತಿ ಕರೆಂಟು ಹರಿಯಬಹುದು.

ಎಂಜಿ996ಆರ್ ಎಲ್ಲರಿಗೂ ಗೊತ್ತಿರುವ ಸರ್ವೋ. ಅದರ ಡೇಟಾಶೀಟ್‌ನಲ್ಲಿ 6 ವೋಲ್ಟಿಗೆ 11 ಕೆಜಿ ಬಲ, ಸ್ಟಾಲ್ ಕರೆಂಟು 2.5 ಆ್ಯಂಪ್. ನಿಮ್ಮದು ಅದರ ಎರಡು ಪಟ್ಟಿಗಿಂತ ಜಾಸ್ತಿ ಬಲದ್ದು. ಆ ಬಲ ಸುಮ್ನೆ ಬರುವುದಿಲ್ಲ, ಕರೆಂಟಿನಿಂದಲೇ ಬರಬೇಕು. 3 ಆ್ಯಂಪಿನ ಬಿಇಸಿ ಇದನ್ನು ಹೊರುವುದಿಲ್ಲ. ಅದರ ಮೇಲೆ 14 ಎಲ್‌ಇಡಿ, ಒಂದಕ್ಕೆ 20 ಮಿಲಿಆ್ಯಂಪ್ ಅಂತ ಹಿಡಿದರೂ 280 ಮಿಲಿಆ್ಯಂಪ್. ಲೈಟು ಇಲ್ಲಿ ಅಪರಾಧಿ ಅಲ್ಲ. ತುಂಬಿದ ಲೈನಿಗೆ ಕೊನೆಯ ಹೊರೆ ಅಷ್ಟೇ. ಅದಕ್ಕೇ ಲೈಟು ತೆಗೆದಾಗ ಕಡಿಮೆಯಾಯಿತು, ನಿಲ್ಲಲಿಲ್ಲ.

ಕೆಪಾಸಿಟರ್ ವಿಷಯ. ಕರಾವಳಿ ಸರ್ ಹೇಳಿದ್ದು ರೇಸ್ ಗಾಡಿಗೆ ಸರಿ. ಕ್ರಾಲರ್‌ಗೆ ಸಾಲದು. ಲೆಕ್ಕ ನೋಡಿ: ಬಿಇಸಿ ಕೊಡಲಾಗದ ಹೆಚ್ಚುವರಿ 2 ಆ್ಯಂಪನ್ನು ಕೆಪಾಸಿಟರ್ ಕೊಡಬೇಕು ಅಂತಿಟ್ಟುಕೊಳ್ಳಿ. 4700 ಮೈಕ್ರೋಫ್ಯಾರಡ್‌ನಿಂದ 2 ಮಿಲಿಸೆಕೆಂಡ್ ಎಳೆದರೆ ವೋಲ್ಟೇಜ್ ಸುಮಾರು 0.85 ಇಳಿಯುತ್ತದೆ. 10 ಮಿಲಿಸೆಕೆಂಡ್ ಎಳೆದರೆ 4 ವೋಲ್ಟಿಗಿಂತ ಜಾಸ್ತಿ ಹೋಯಿತು. ದಿಕ್ಕು ಬದಲಿಸುವ ಕ್ಷಣದ ಪೆಟ್ಟನ್ನು ಅದು ತಡೆಯುತ್ತದೆ. ನೀವು ಕಲ್ಲಿಗೆ ಸಿಕ್ಕಿ ಎರಡು ಸೆಕೆಂಡ್ ಹಿಡಿದರೆ ಅದರ ಕೈಲಿ ಏನೂ ಆಗುವುದಿಲ್ಲ.

ದಾರಿ ಒಂದೇ. ಸರ್ವೋಗೆ ಅದರದೇ ಬಿಇಸಿ ಕೊಡಿ. ರಿಸೀವರ್ ಮತ್ತು ಲೈಟು ಆ ಲೈನಿನಲ್ಲಿ ಇರಬಾರದು. ಬಿಇಸಿ ಆರಿಸುವಾಗ ಸರ್ವೋ ಓಡುವಾಗಿನ ಕರೆಂಟು ನೋಡಬೇಡಿ, ಸಿಕ್ಕಿಕೊಂಡಾಗಿನ ಕರೆಂಟು ನೋಡಿ.

ಹೊಸ_ಟ್ರಾನ್ಸ್‌ಮಿಟರ್

ಅಣ್ಣ, ನನ್ನ ಇಎಸ್‌ಸಿಯಲ್ಲಿ ಬಿಇಸಿಯನ್ನು 7.4 ವೋಲ್ಟಿಗೆ ಏರಿಸುವ ಆಯ್ಕೆ ಇದೆ. ಸರ್ವೋ ಎಚ್‌ವಿ (ಹೆಚ್ಚು ವೋಲ್ಟೇಜ್ ತಡೆಯುವಂಥದ್ದು). ವೋಲ್ಟೇಜ್ ಏರಿಸಿದರೆ ಬಲನೂ ಬರುತ್ತದೆ, ಸಮಸ್ಯೆನೂ ಹೋಗುತ್ತದೆ ಅಲ್ವಾ? ಎಲ್‌ಇಡಿ, ರಿಸೀವರ್ ಎಲ್ಲಾ ಒಂದೇ ಕಡೆಯಿಂದ ತೆಗೆದುಕೊಂಡಿದ್ದೇನೆ.

ತಾಮ್ರದ_ತಂತಿ

ತಮ್ಮಾ, ಏರಿಸುವ ಮೊದಲು ಇದನ್ನು ಓದು. ವೋಲ್ಟೇಜ್ ಏರಿಸಿದರೆ ಸ್ಟಾಲ್ ಕರೆಂಟು ಇಳಿಯುವುದಿಲ್ಲ, ಏರುತ್ತದೆ. ವೈಂಡಿಂಗ್ ಅದೇ, ತಳ್ಳುವ ವೋಲ್ಟೇಜ್ ಜಾಸ್ತಿ. ಅಂದರೆ ಬಿಇಸಿ ಮೇಲೆ ಹೊರೆ ಇನ್ನೂ ಜಾಸ್ತಿ.

ಎರಡನೆಯದು ಎಲ್‌ಇಡಿ. ಬಿಳಿ ಎಲ್‌ಇಡಿ ತನ್ನ ಪಾಲಿಗೆ ಸುಮಾರು 3.2 ವೋಲ್ಟ್ ಹಿಡಿಯುತ್ತದೆ. ಉಳಿದದ್ದನ್ನು ರೆಸಿಸ್ಟರ್ ನುಂಗಬೇಕು. 5 ವೋಲ್ಟಿಗೆ ಅಂತ 100 ಓಮ್ ಹಾಕಿದ್ದರೆ 18 ಮಿಲಿಆ್ಯಂಪ್, ಚೆನ್ನಾಗಿದೆ. ಅದೇ ರೆಸಿಸ್ಟರ್ ಇಟ್ಟು 6 ವೋಲ್ಟ್ ಕೊಟ್ಟರೆ 28. ಉರಿಯುತ್ತದೆ, ಆದರೆ ಆಯಸ್ಸು ಕಡಿಮೆ. 7.4 ಕೊಟ್ಟರೆ 42 ಮಿಲಿಆ್ಯಂಪ್. 20ಕ್ಕೆ ಮಾಡಿದ 5 ಮಿಮೀ ಎಲ್‌ಇಡಿ ಮೊದಲು ನೀಲಿಗೆ ತಿರುಗಿ ಆಮೇಲೆ ಸತ್ತೇ ಹೋಗುತ್ತದೆ. ವೋಲ್ಟೇಜ್ ಏರಿದ್ದು ಒಂದೂವರೆ ಪಟ್ಟು, ಕರೆಂಟು ಏರಿದ್ದು ಎರಡು ಪಟ್ಟಿಗಿಂತ ಜಾಸ್ತಿ. ಲೈಟನ್ನು ಸರ್ವೋ ಲೈನಿಗೆ ಕಟ್ಟಬಾರದು ಅಂತ ಇಷ್ಟು ಒತ್ತಿ ಹೇಳುವುದು ಇದಕ್ಕೇ. ನಾಳೆ ಸರ್ವೋ ಬದಲಿಸಿ ವೋಲ್ಟೇಜ್ ಬದಲಿಸಿದರೆ ಲೈಟು ಪೂರ್ತಿ ಹೊಸದಾಗಿ ಕಟ್ಟಬೇಕಾಗುತ್ತದೆ.

ಮೂರನೆಯದು ರಿಸೀವರ್. ಮೇಲಿನ ಲೇಬಲ್ ನೋಡು. ಎಷ್ಟೋ ರಿಸೀವರ್‌ಗಳಿಗೆ ಮಿತಿ 6.5 ವೋಲ್ಟ್ ಆಸುಪಾಸು ಇರುತ್ತದೆ. ಎಚ್‌ವಿ ಅಂತಲೋ 8.4 ಅಂತಲೋ ಬರೆದಿರದಿದ್ದರೆ 7.4 ಕೊಡಬೇಡ.

ನಿನ್ನ ಬ್ಯಾಟರಿ ಎಷ್ಟು ಸೆಲ್?

ಹೊಸ_ಟ್ರಾನ್ಸ್‌ಮಿಟರ್

2ಎಸ್ ಅಣ್ಣ.

ತಾಮ್ರದ_ತಂತಿ

ಹಾಗಾದರೆ 7.4ರ ಆಯ್ಕೆಯಿಂದ ನಿನಗೆ ಲಾಭವೇ ಇಲ್ಲ. ಸಾಮಾನ್ಯ ಬಿಇಸಿ ವೋಲ್ಟೇಜ್ ಇಳಿಸುತ್ತದೆ, ಏರಿಸುವುದಿಲ್ಲ. ಇಳಿಸಲು ಅದಕ್ಕೆ ಮೇಲೆ ಒಂದಿಷ್ಟು ಜಾಗ ಬೇಕು. 2ಎಸ್ ಫುಲ್ ಇದ್ದಾಗ 8.4, ಖಾಲಿಯಾಗುತ್ತಾ 6.6ರ ಹತ್ತಿರ ಬರುತ್ತದೆ. ಆರಂಭದಲ್ಲಿ 7.4 ಸಿಗುತ್ತದೆ, ಅರ್ಧ ಪ್ಯಾಕ್ ಓಡಿಸುವಷ್ಟರಲ್ಲಿ ಬ್ಯಾಟರಿ ಹಿಂದೆಯೇ ಇಳಿಯುತ್ತಾ ಹೋಗುತ್ತದೆ. ಎಲ್‌ಎಂ2596 ಥರದ ಚಿಪ್‌ಗೆ ಒಂದು ವೋಲ್ಟಿಗಿಂತ ಜಾಸ್ತಿ ಅಂತರ ಬೇಕು. ಬ್ಯಾಟರಿ 6.6ಕ್ಕೆ ಬಂದಾಗ 6 ಕೂಡ ನೆಟ್ಟಗೆ ಬರುವುದಿಲ್ಲ. 2ಎಸ್‌ನವರು ಬಿಇಸಿ ಕೊಳ್ಳುವಾಗ ಆ್ಯಂಪ್ ನೋಡುತ್ತಾರೆ, ಈ ಅಂತರ ನೋಡುವುದಿಲ್ಲ.

ನಿನ್ನ ಸರ್ವೋ ಮೇಲೆ 8.4 ವೋಲ್ಟ್ ಅಂತ ಬರೆದಿದ್ದರೆ ಸರ್ವೋದ ಪ್ಲಸ್ಸನ್ನು ಒಂದು ಫ್ಯೂಸ್ ಹಾಕಿ ನೇರ ಬ್ಯಾಟರಿಗೇ ಕೊಡಬಹುದು, ಮಧ್ಯೆ ಬಿಇಸಿಯೇ ಬೇಡ. ಮೈನಸ್ ಮತ್ತು ಸಿಗ್ನಲ್ ರಿಸೀವರಿಗೆ ಸೇರಿರಬೇಕು. 7.4 ಅಂತ ಮಾತ್ರ ಬರೆದಿದ್ದರೆ ನೇರ ಕೊಡಬೇಡ. ಚಾರ್ಜರ್‌ನಿಂದ ತೆಗೆದ ಪ್ಯಾಕ್‌ನಲ್ಲಿ ಇರುವುದು 8.4.

ಎಸ್‌ಪಿ_ರೋಡ್_ಗಿರಾಕಿ

ಬಿಇಸಿ ಕೊಳ್ಳುವವರಿಗೆ ನನ್ನದೊಂದು ಮಾತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನ್‌ನಲ್ಲೂ ನೀಲಿ ಬೋರ್ಡಿನ 2596 ಮಾಡ್ಯೂಲ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಲೈಟಿಗೆ ಅದು ಬಹಳ ಒಳ್ಳೆಯದು. ಸ್ಟಿಯರಿಂಗ್ ಸರ್ವೋಗೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು, 3 ಆ್ಯಂಪ್ ಅನ್ನುವುದು ಚಿಪ್‌ನ ಮಿತಿ. ಹೀಟ್‌ಸಿಂಕ್ ಇಲ್ಲದ ಆ ಪುಟ್ಟ ಬೋರ್ಡಿನಲ್ಲಿ, ಮುಚ್ಚಿದ ರೇಡಿಯೋ ಬಾಕ್ಸಿನೊಳಗೆ ಸದಾ ಎಳೆಯಲು 1.5ರಿಂದ 2 ಆ್ಯಂಪ್ ಅಂತ ಹಿಡಿಯಿರಿ. ನಕಲಿ ಚಿಪ್‌ಗಳೂ ಇವೆ. ಅಸಲಿ 2596 ಕೆಲಸ ಮಾಡುವುದು 150 ಕಿಲೋಹರ್ಟ್ಜ್‌ನಲ್ಲಿ. ನನ್ನ ಕೈಗೆ ಬಂದ ಒಂದು ಬೋರ್ಡನ್ನು ಆಸಿಲೋಸ್ಕೋಪಿಗೆ ಹಾಕಿದರೆ ಮೂರನೇ ಒಂದು ಭಾಗವೂ ಇರಲಿಲ್ಲ. ಅಂಥದ್ದು ಕಾಯಿಲ್‌ಗೂ ಕೆಪಾಸಿಟರ್‌ಗೂ ಹೊಂದುವುದಿಲ್ಲ, ಬೇಗ ಕಾಯುತ್ತದೆ.

ಎರಡು, ಆ ಹಿತ್ತಾಳೆ ತಿರುಪಿನ ಪ್ರೀಸೆಟ್ (ವೋಲ್ಟೇಜ್ ಹೊಂದಿಸುವ ರೆಸಿಸ್ಟರ್). ಗಾಡಿ ಕಲ್ಲಿನ ಮೇಲೆ ಕುಣಿಯುವಾಗ ಅದು ನಿಧಾನ ಸರಿಯುತ್ತದೆ. ಇನ್ನೂ ಅಪಾಯ ಎಂದರೆ ಒಳಗಿನ ಕಾಂಟ್ಯಾಕ್ಟ್ ಒಂದು ಕ್ಷಣ ಬಿಟ್ಟರೂ ಫೀಡ್‌ಬ್ಯಾಕ್ ತಪ್ಪಿ ಔಟ್‌ಪುಟ್ ಇನ್‌ಪುಟ್‌ನ ಹತ್ತಿರಕ್ಕೇ ಜಿಗಿಯುತ್ತದೆ. 3ಎಸ್‌ನಲ್ಲಿ ಅಂದರೆ 12 ವೋಲ್ಟ್ ಸರ್ವೋಗೆ ಹೋಯಿತು. ಹಾಗಾಗಿ ಲೈಟಿಗೆ ಬಳಸಿದರೂ ವೋಲ್ಟೇಜ್ ಹೊಂದಿಸಿದ ಮೇಲೆ ತಿರುಪಿಗೆ ಒಂದು ಹನಿ ನೇಲ್ ಪಾಲಿಶ್ ಬಿಡಿ. ಹೊಸ ಬೋರ್ಡಿನಲ್ಲಿ ತಿರುಪು ಹಲವು ಸುತ್ತು ತಿರುಗಿಸಿದರೂ ಮೀಟರ್‌ನಲ್ಲಿ ಏನೂ ಬದಲಾಗದಿದ್ದರೆ ಗಾಬರಿ ಬೇಡ. ಅದು ಬಹುಸುತ್ತಿನ ಪ್ರೀಸೆಟ್, ತಿರುಗಿಸುತ್ತಾ ಹೋಗಿ. ಏನನ್ನೂ ಜೋಡಿಸುವ ಮೊದಲೇ ಹೊಂದಿಸಬೇಕು.

ಸರ್ವೋಗೆ ಆರ್‌ಸಿಗೆಂದೇ ಮಾಡಿದ ಬಿಇಸಿ ತೆಗೆದುಕೊಳ್ಳಿ. 5, 6 ವೋಲ್ಟ್ ಜಂಪರ್‌ನಲ್ಲಿ ಬದಲಿಸುವಂಥದ್ದಾದರೆ ಪ್ರೀಸೆಟ್ಟಿನ ಕಾಟವೇ ಇಲ್ಲ. ದೊಡ್ಡ ಸರ್ವೋಗೆ ಕ್ಯಾಸಲ್ ಕಂಪನಿಯ 10 ಆ್ಯಂಪ್ ಬಿಇಸಿ ತುಂಬಾ ಜನ ಹಾಕುತ್ತಾರೆ. ಅದು ಕಾರ್ಖಾನೆಯಿಂದ ಬರುವಾಗ 5.1 ವೋಲ್ಟಿಗೆ ಸೆಟ್ ಆಗಿರುತ್ತದೆ. ಬೇರೆ ವೋಲ್ಟೇಜ್ ಬೇಕಾದರೆ ಕಂಪ್ಯೂಟರಿಗೆ ಜೋಡಿಸುವ ಅದರ ಲಿಂಕ್ ಕೇಬಲ್ ಬೇಕು. ಕೊಳ್ಳುವಾಗಲೇ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಂಡ ಬಿಇಸಿಯನ್ನು ಗಾಡಿಗೆ ಹಾಕುವ ಮೊದಲು ಟೇಬಲ್ ಮೇಲೆ ಪರೀಕ್ಷಿಸಿ. 3.3 ಓಮ್ 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಎರಡು ತನ್ನಿ. 6 ವೋಲ್ಟಿಗೆ ಒಂದು ಹಾಕಿದರೆ 1.8 ಆ್ಯಂಪ್, ಎರಡು ಪ್ಯಾರಲಲ್ ಹಾಕಿದರೆ 3.6. ಮೀಟರ್ ನೋಡಿಕೊಂಡು ಹತ್ತು ಸೆಕೆಂಡ್ ಹಿಡಿಯಿರಿ. 6 ಇದ್ದದ್ದು 5.8ರಲ್ಲಿ ನಿಂತರೆ ಒಳ್ಳೆಯ ಬಿಇಸಿ. 4.5ಕ್ಕೆ ಜಾರಿದರೆ ಲೇಬಲ್ ಮೇಲೆ ಏನೇ ಬರೆದಿರಲಿ, ಅದು 3 ಆ್ಯಂಪಿನದ್ದಲ್ಲ. ರೆಸಿಸ್ಟರ್ ಮುಟ್ಟಬೇಡಿ, ಸುಡುತ್ತದೆ.

ಹೊಸ_ಟ್ರಾನ್ಸ್‌ಮಿಟರ್

ಕಾಲೇಜ್ ಲ್ಯಾಬ್‌ನಲ್ಲಿ 7805 (5 ವೋಲ್ಟಿನ ರೆಗ್ಯುಲೇಟರ್ ಚಿಪ್) ಬೇಕಾದಷ್ಟಿದೆ. ಲೈಟಿಗೆ ಅದನ್ನು ಹಾಕಬಹುದಾ? ಇನ್ನೊಂದು, ಒಬ್ಬರು 1ಎನ್4007 ಡಯೋಡ್ ಎರಡು ಸೀರೀಸ್‌ನಲ್ಲಿ ಹಾಕಿದರೆ 7.4 ಇದ್ದದ್ದು 6 ಆಗುತ್ತದೆ ಅಂದರು.

ಸ್ಕೇಲ್_ಲಾರಿ

ಲೈಟಿನ ವಿಷಯ ನಾನು ಹೇಳುತ್ತೇನೆ. 1:14 ಲಾರಿ ಕಟ್ಟುತ್ತೇನೆ, ಅದರಲ್ಲಿ ಇಂಡಿಕೇಟರ್, ಬ್ರೇಕ್, ಕ್ಯಾಬಿನ್ ಅಂತ ಲೈಟೇ ಅರ್ಧ ಕೆಲಸ.

7805 ಹಾಕಬಹುದು, ಲೆಕ್ಕ ಮಾಡಿ ಹಾಕಿ. ಅದು ಹೆಚ್ಚಾದ ವೋಲ್ಟೇಜನ್ನು ಬಿಸಿಯಾಗಿ ಬಿಡುತ್ತದೆ. 3ಎಸ್‌ನಲ್ಲಿ 12.6ರಿಂದ 5ಕ್ಕೆ ಇಳಿಸಿ 280 ಮಿಲಿಆ್ಯಂಪ್ ಎಳೆದರೆ 2 ವ್ಯಾಟ್ ಚಿಲ್ಲರೆ ಬಿಸಿ. ಬೆರಳಗಲದ ಅಲ್ಯೂಮಿನಿಯಂ ತುಂಡು ಬೋಲ್ಟ್ ಮಾಡಿದರೆ ತಡೆಯುತ್ತದೆ. ಅದರಲ್ಲೇ ಸರ್ವೋ ಓಡಿಸಿ 2 ಆ್ಯಂಪ್ ಎಳೆಯಲು ಹೋದರೆ 15 ವ್ಯಾಟ್. ಒಂದು ಆ್ಯಂಪ್ ಆಸುಪಾಸಿನ ಚಿಪ್ ಅದು, ಬಂದ್ ಆಗುತ್ತದೆ. 2ಎಸ್‌ನಲ್ಲಿ ಇನ್ನೊಂದು ತೊಂದರೆ. ಅದಕ್ಕೆ ಮೇಲೆ 2 ವೋಲ್ಟ್ ಅಂತರ ಬೇಕು. ಬ್ಯಾಟರಿ 7ರ ಕೆಳಗೆ ಬಂದರೆ 5 ಉಳಿಯುವುದಿಲ್ಲ.

ಡಯೋಡ್ ವೋಲ್ಟೇಜ್ ಇಳಿಸುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಬ್ಯಾಟರಿ 8.4 ಇದ್ದರೆ 7, ಬ್ಯಾಟರಿ 7 ಆದರೆ 5.6. ಕರೆಂಟು ಏರಿದಂತೆ ಡಯೋಡ್‌ನ ಪಾಲೂ ಏರುತ್ತದೆ. ಮೇಲಾಗಿ 4007 ಒಂದು ಆ್ಯಂಪಿನ ಡಯೋಡ್. ಸಣ್ಣ ಸರ್ವೋ ಇರುವ ಹಳೇ ಗಾಡಿಗೆ ಸರಿ, ಈ 20-25 ಕೆಜಿಯವಕ್ಕೆ ಹಾಕಿದರೆ ಡಯೋಡೇ ಹೊಗೆಯಾಡುತ್ತದೆ.

ಎಲ್‌ಇಡಿ ಕಟ್ಟುವಾಗ ಒಂದು ಒಳ್ಳೆ ಪದ್ಧತಿ ರೂಢಿಸಿಕೊಳ್ಳಿ. ಪ್ರತಿ ಬಿಳಿ ಎಲ್‌ಇಡಿಗೂ ಅದರದೇ ರೆಸಿಸ್ಟರ್. ಆರನ್ನು ಪ್ಯಾರಲಲ್ ಕಟ್ಟಿ ಒಂದೇ ರೆಸಿಸ್ಟರ್ ಹಾಕಿದರೆ, ಯಾವುದರ ವೋಲ್ಟೇಜ್ ಕೂದಲೆಳೆ ಕಡಿಮೆಯೋ ಅದೇ ಜಾಸ್ತಿ ಕರೆಂಟು ತಿನ್ನುತ್ತದೆ, ಕಾಯುತ್ತದೆ, ಕಾದಂತೆ ಇನ್ನೂ ಜಾಸ್ತಿ ತಿನ್ನುತ್ತದೆ. 6 ವೋಲ್ಟ್ ಲೈನಿನಲ್ಲಿ ಬಿಳಿಗೆ 150 ಓಮ್. ಕೆಂಪಿಗೆ ಒಂದಕ್ಕೆ 220. ಆದರೆ ಕೆಂಪು 2 ವೋಲ್ಟಿನದ್ದು, ಎರಡನ್ನು ಸೀರೀಸ್‌ನಲ್ಲಿ ಕಟ್ಟಿ 100 ಓಮ್ ಹಾಕಿದರೆ ಅದೇ 20 ಮಿಲಿಆ್ಯಂಪಿನಲ್ಲಿ ಎರಡೂ ಉರಿಯುತ್ತವೆ. ಕಾಲು ವ್ಯಾಟ್ ರೆಸಿಸ್ಟರ್ ಧಾರಾಳ.

ಬ್ಯಾಟರಿಯಿಂದ ನೇರ ಕೊಡುತ್ತೇನೆ, 3ಎಸ್‌ಗೆ ಮೂರು ಬಿಳಿ ಸೀರೀಸ್ ಕಟ್ಟುತ್ತೇನೆ ಅನ್ನುವವರು ಇದ್ದಾರೆ. ಮೂರು ಬಿಳಿ ಸೇರಿ 9.6 ವೋಲ್ಟ್. 150 ಓಮ್ ಹಾಕಿದರೆ ಫುಲ್ ಬ್ಯಾಟರಿಗೆ 20 ಮಿಲಿಆ್ಯಂಪ್. ಬ್ಯಾಟರಿ 10ಕ್ಕೆ ಬಂದಾಗ 3 ಕೂಡ ಇಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಲೈಟೇ ಇರುವುದಿಲ್ಲ. ಕಾರಿಗೆ ಅಂಟಿಸುವ 12 ವೋಲ್ಟ್ ಸ್ಟ್ರಿಪ್ ಒಳಗೂ ಇದೇ ಮೂರರ ಗುಂಪು ಇರುತ್ತದೆ. ಅದಕ್ಕೇ ಅದು 2ಎಸ್‌ನಲ್ಲಿ ಮಿಣುಕು ಅಂದು ಸುಮ್ಮನಾಗುತ್ತದೆ.

ಘಾಟಿ_ಕ್ರಾಲರ್

ಬಹಳ ಉಪಕಾರ ಆಯಿತು. ನನ್ನ ರೆಸಿಸ್ಟರ್‌ಗಳು 150 ಓಮಿನವೇ, ಬಿಡಿಬಿಡಿಯಾಗಿಯೇ ಇವೆ. ಈಗ ಬೇರೆ ಬಿಇಸಿ ತಂದರೆ ವಯರಿಂಗ್ ಹೇಗೆ? ಇಎಸ್‌ಸಿಯ ಕೆಂಪು ವಯರ್ ಕತ್ತರಿಸಬೇಕು ಅಂತ ಕೆಲವರು, ಬೇಡ ಅಂತ ಕೆಲವರು ಹೇಳುತ್ತಾರೆ.

ತಾಮ್ರದ_ತಂತಿ

ಇಬ್ಬರೂ ಸರಿ, ಹೇಳುತ್ತಿರುವುದು ಬೇರೆ ಬೇರೆ ವಯರಿಂಗ್ ಬಗ್ಗೆ.

ಹೊಸ ಬಿಇಸಿಯನ್ನು ರಿಸೀವರಿಗೇ ಚುಚ್ಚಿ ಎಲ್ಲವನ್ನೂ ಅದರಿಂದಲೇ ನಡೆಸುವುದಾದರೆ ಇಎಸ್‌ಸಿಯ ಕೆಂಪು ಪಿನ್ ತೆಗೆಯಲೇಬೇಕು. ಇಲ್ಲದಿದ್ದರೆ ಎರಡು ಬಿಇಸಿ ಒಂದೇ ಲೈನಿನಲ್ಲಿ ಪ್ಯಾರಲಲ್ ಆಗುತ್ತವೆ. ಎರಡೂ ಒಂದೇ ವೋಲ್ಟೇಜ್ ಕೊಡುವುದಿಲ್ಲ, ಒಂದು 6.05 ಆದರೆ ಇನ್ನೊಂದು 5.95. ಜಾಸ್ತಿ ಇರುವುದು ಎಲ್ಲಾ ಹೊರೆ ಹೊರುತ್ತದೆ. ಸ್ವಿಚಿಂಗ್ ಬಿಇಸಿಗಳಾದರೆ ಒಂದರ ಫೀಡ್‌ಬ್ಯಾಕ್ ಇನ್ನೊಂದನ್ನು ಕೆಣಕುತ್ತದೆ. 3 ಮತ್ತು 5 ಸೇರಿ 8 ಆ್ಯಂಪ್ ಆಗುವುದಿಲ್ಲ.

ನಿಮಗೆ ನಾನು ಹೇಳುವುದು ಎರಡನೇ ದಾರಿ. ಇಎಸ್‌ಸಿಯನ್ನು ಮುಟ್ಟಬೇಡಿ. ಅದರ ಬಿಇಸಿ ರಿಸೀವರ್ ಮತ್ತು ಲೈಟನ್ನು ನೋಡಿಕೊಳ್ಳಲಿ, ಅಷ್ಟಕ್ಕೆ 3 ಆ್ಯಂಪ್ ಧಾರಾಳ. ಹೊಸ ಬಿಇಸಿ ಸರ್ವೋಗೆ ಮಾತ್ರ. ಹೀಗೆ:

ಸರ್ವೋದ ಪ್ಲಗ್‌ನಲ್ಲಿ ಮಧ್ಯದ ಕೆಂಪು ಪಿನ್ ಮಾತ್ರ ಹೊರತೆಗೆಯಿರಿ. ಕತ್ತರಿಸುವುದು ಬೇಡ. ಪ್ಲಾಸ್ಟಿಕ್‌ನ ಪುಟ್ಟ ನಾಲಿಗೆಯನ್ನು ಸೂಜಿಯಲ್ಲಿ ಮೆಲ್ಲಗೆ ಎತ್ತಿದರೆ ಪಿನ್ ತಾನೇ ಹಿಂದಕ್ಕೆ ಜಾರಿ ಬರುತ್ತದೆ. ಆ ಪ್ಲಸ್ ಹೊಸ ಬಿಇಸಿಯ ಪ್ಲಸ್‌ಗೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಸರ್ವೋದ ಕಪ್ಪು ಅಥವಾ ಕಂದು ವಯರ್ ಬಿಇಸಿಯ ಮೈನಸ್‌ಗೂ ಸೇರಬೇಕು, ರಿಸೀವರಿನಲ್ಲೂ ಇರಬೇಕು. ಎರಡೂ ಕಡೆ. ಈ ಮೈನಸ್ ಬಿಟ್ಟುಹೋದರೆ ಸಿಗ್ನಲ್‌ಗೆ ನೆಲೆ ಇರುವುದಿಲ್ಲ, ಸರ್ವೋ ಹುಚ್ಚುಹುಚ್ಚಾಗಿ ನಡುಗುತ್ತದೆ. ಸಿಗ್ನಲ್ ವಯರ್ ಇದ್ದಲ್ಲೇ ಇರಲಿ. ಬಿಇಸಿಯ ಇನ್‌ಪುಟ್ ಇಎಸ್‌ಸಿಯ ಬ್ಯಾಟರಿ ವಯರ್‌ಗೆ.

ಲೈಟಿನ ಪ್ಲಸ್‌ಗೆ ಅರ್ಧ ಆ್ಯಂಪಿನ ಒಂದು ಪುಟ್ಟ ಫ್ಯೂಸ್ ಹಾಕಿ. ರೂಫಿನ ಲೈಟಿನ ವಯರ್ ಬಾಡಿ ಕ್ಲಿಪ್ ಹತ್ತಿರ ಸವೆದು ಶಾರ್ಟ್ ಆಗುವುದು ಕ್ರಾಲರ್‌ನಲ್ಲಿ ಮಾಮೂಲು. ಆಗ ಲೈಟು ಹೋಗಲಿ, ರಿಸೀವರ್ ಉಳಿಯಲಿ.

ಎಸ್‌ಪಿ_ರೋಡ್_ಗಿರಾಕಿ

ಇಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. 10 ಆ್ಯಂಪಿನದ್ದು ಒಂದು ತಂದು ರಿಸೀವರಿಗೇ ಹಾಕಿ, ಇಎಸ್‌ಸಿಯ ಕೆಂಪು ತೆಗೆದರೆ ಕೆಲಸ ಮುಗಿಯಿತು. ಸರ್ವೋ ಪ್ಲಗ್ ಬಿಚ್ಚುವ ತಲೆನೋವು ಇಲ್ಲ. ವಯರ್ ಕಡಿಮೆ, ಕೆಡುವ ಜಾಗವೂ ಕಡಿಮೆ.

ತಾಮ್ರದ_ತಂತಿ

ವಯರ್ ಕಡಿಮೆ ಇದ್ದಷ್ಟು ಒಳ್ಳೆಯದು ಅನ್ನುವುದು ಒಪ್ಪುತ್ತೇನೆ. 15 ಕೆಜಿವರೆಗಿನ ಸರ್ವೋಗೆ ನೀವು ಹೇಳಿದ ಹಾಗೇ ಮಾಡಬಹುದು. ದೊಡ್ಡದಕ್ಕೆ ತೊಂದರೆ ಬರುವುದು ಬಿಇಸಿಯಲ್ಲಲ್ಲ, ದಾರಿಯಲ್ಲಿ. ಆ ಮೂರು ಪಿನ್ ಪ್ಲಗ್‌ನ ಒಂದು ಕಾಂಟ್ಯಾಕ್ಟ್ ನೆಮ್ಮದಿಯಾಗಿ ಹೊರುವುದು 3 ಆ್ಯಂಪ್ ಆಸುಪಾಸು. 10 ಆ್ಯಂಪಿನ ಬಿಇಸಿಯನ್ನು ಅದರ ಮೂಲಕ ತೂರಿಸಿದರೆ ಪಿನ್, ರಿಸೀವರ್ ಒಳಗಿನ ತಾಮ್ರದ ಗೆರೆ, ಮತ್ತೊಂದು ಪಿನ್, ಇಷ್ಟೂ ದಾಟಿ ಸರ್ವೋ ತಲುಪಬೇಕು.

ವಯರ್ ಕೂಡ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಸರ್ವೋ ವಯರ್ 26 ಗೇಜ್. ಮೀಟರಿಗೆ ಸುಮಾರು 0.13 ಓಮ್. 30 ಸೆಂಟಿಮೀಟರ್ ಎಕ್ಸ್‌ಟೆನ್ಶನ್ ಅಂದರೆ ಹೋಗಿ ಬರುವುದು 60. 4 ಆ್ಯಂಪಿಗೆ ವಯರ್‌ನಲ್ಲೇ 0.3 ವೋಲ್ಟ್ ಹೋಯಿತು. ಅದಕ್ಕಿಂತ ದಪ್ಪದ 22 ಗೇಜ್ ಹಾಕಿದರೆ ಅದರ ಅರ್ಧಕ್ಕಿಂತ ಕಡಿಮೆ. ಬಿಇಸಿಯನ್ನು ಸರ್ವೋ ಪಕ್ಕದಲ್ಲೇ ಕೂರಿಸಿ, ಉದ್ದದ ವಯರ್ ಏನಿದ್ದರೂ ಬ್ಯಾಟರಿ ಕಡೆ ಇರಲಿ. ಆ ಕಡೆ ವೋಲ್ಟೇಜ್ ಜಾಸ್ತಿ, ಕರೆಂಟು ಕಡಿಮೆ.

ರಿಸೀವರ್‌ಗೆ ಬೇರೆ ಲೈನ್ ಇದ್ದರೆ, ಸರ್ವೋ ಬಿಇಸಿ ಪೂರ್ತಿ ಕೈಕೊಟ್ಟರೂ ಥ್ರಾಟಲ್ ನಿಮ್ಮ ಕೈಯಲ್ಲಿರುತ್ತದೆ. ಗಾಡಿ ನಿಲ್ಲಿಸಬಹುದು. ನನಗೆ ಅದೇ ಮುಖ್ಯ.

ಎಸ್‌ಪಿ_ರೋಡ್_ಗಿರಾಕಿ

ಥ್ರಾಟಲ್ ವಿಷಯ ಸರಿ. ಅದನ್ನು ಒಪ್ಪಿದೆ.

ಸ್ಕೇಲ್_ಲಾರಿ

ಬಿಇಸಿ ಇನ್‌ಪುಟ್ ಬ್ಯಾಟರಿ ವಯರ್‌ಗೆ ಸೇರಿಸುವವರು ಇದನ್ನು ದಯವಿಟ್ಟು ನೆನಪಿಡಿ. ಇಎಸ್‌ಸಿಯ ಸ್ವಿಚ್ ಆಫ್ ಮಾಡಿದರೂ ಆ ಬಿಇಸಿ ಆಫ್ ಆಗುವುದಿಲ್ಲ. ಇಎಸ್‌ಸಿಯ ಕಟ್‌ಆಫ್ ಮೋಟಾರನ್ನು ನಿಲ್ಲಿಸುತ್ತದೆ, ನಿಮ್ಮ ಬಿಇಸಿಯನ್ನಲ್ಲ. ಖಾಲಿ ಕೂತ ಬಿಇಸಿ 5 ಮಿಲಿಆ್ಯಂಪ್ ತಿಂದರೂ ದಿನಕ್ಕೆ 120 ಮಿಲಿಆ್ಯಂಪ್ ಅವರ್. ಲೈಟೂ ಅದರಲ್ಲೇ ಉರಿಯುತ್ತಿದ್ದರೆ ಒಂದೇ ರಾತ್ರಿ ಸಾಕು. ಸೆಲ್ 3 ವೋಲ್ಟಿಗಿಂತ ಕೆಳಗೆ ಹೋದ ಲೈಪೋ ಮತ್ತೆ ಮೊದಲಿನಂತಾಗುವುದಿಲ್ಲ. ಊದಿಕೊಂಡರೆ ಚಾರ್ಜ್ ಮಾಡುವುದೇ ಅಪಾಯ. ಓಡಿಸಿ ಮುಗಿದ ಕೂಡಲೇ ಪ್ಲಗ್ ಎಳೆಯಿರಿ.

ಹಾಗೇ ಬ್ಯಾಲೆನ್ಸ್ ಪ್ಲಗ್‌ನ (ಬ್ಯಾಟರಿಯ ಒಂದೊಂದು ಸೆಲ್‌ನಿಂದಲೂ ವಯರ್ ಬರುವ ಪ್ಲಗ್) ಒಂದು ಸೆಲ್‌ನಿಂದ 3.7 ವೋಲ್ಟ್ ಎಳೆದು ಲೈಟು ಕಟ್ಟುವ ವಿಡಿಯೋಗಳು ಓಡಾಡುತ್ತಿವೆ. ರೆಗ್ಯುಲೇಟರೇ ಬೇಡ ಅನ್ನುತ್ತಾರೆ. ಆ ಒಂದು ಸೆಲ್ ಮಾತ್ರ ಬೇಗ ಇಳಿಯುತ್ತದೆ. ಇಎಸ್‌ಸಿ ನೋಡುವುದು ಒಟ್ಟು ವೋಲ್ಟೇಜ್. ಅದಕ್ಕೆ ಎಲ್ಲಾ ಸರಿ ಕಾಣುತ್ತದೆ, ಒಳಗೆ ಒಂದು ಸೆಲ್ ಸತ್ತಿರುತ್ತದೆ. ಇದನ್ನು ಯಾರೂ ಮಾಡಬೇಡಿ.

ಘಾಟಿ_ಕ್ರಾಲರ್

ಮಾಡಿ ಮುಗಿಸಿದೆ. ಸರ್ವೋಗೆ ಬೇರೆ ಬಿಇಸಿ, 6 ವೋಲ್ಟಿಗೇ ಇಟ್ಟಿದ್ದೇನೆ. ವಯರ್ 20 ಗೇಜ್ ಸಿಲಿಕಾನ್. ಸಿಮೆಂಟ್ ರೆಸಿಸ್ಟರ್ ಪರೀಕ್ಷೆಯಲ್ಲಿ 3.6 ಆ್ಯಂಪಿಗೆ 5.9 ನಿಂತಿತು. ಅದೇ ಹಳ್ಳ, ಅದೇ ಕಲ್ಲು. ಲೈಟು ಅಲುಗಾಡಲಿಲ್ಲ, ರಿಸೀವರ್ ಆಫ್ ಆಗಲಿಲ್ಲ. ಸ್ಟಿಯರಿಂಗ್‌ಗೂ ಈಗ ನಿಜವಾದ ಬಲ ಬಂದಿದೆ. ಮೊದಲು ತಿರುಗದೆ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಚಕ್ರ ಕಲ್ಲನ್ನೇ ತಳ್ಳಿಕೊಂಡು ತಿರುಗುತ್ತದೆ.

ಒಂದು ಮಾತ್ರ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹಿಡಿದರೆ, ಏನಕ್ಕೂ ಸಿಕ್ಕಿಕೊಳ್ಳದಿದ್ದರೂ ಸರ್ವೋ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ.

ತಾಮ್ರದ_ತಂತಿ

ತುಂಬಾ ಸಂತೋಷ. ಆ ಗುಂಯ್ ಕೂಡ ಸ್ಟಾಲೇ. ನಕಲ್ (ಚಕ್ರ ತಿರುಗಿಸುವ ಕೀಲು) ಆಕ್ಸಲ್‌ಗೆ ತಾಗಿ ನಿಂತಿದೆ, ಸರ್ವೋ ಇನ್ನೂ ತಳ್ಳುತ್ತಿದೆ. ಟ್ರಾನ್ಸ್‌ಮಿಟರಿನಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಷ್ಟು ದೂರ ತಿರುಗಬೇಕು ಅನ್ನುವ ಮಿತಿ) ಅಂತ ಇರುತ್ತದೆ. ಎರಡೂ ಕಡೆ ಒಂದೊಂದೇ ಹೆಜ್ಜೆ ಇಳಿಸುತ್ತಾ ಹೋಗಿ, ಗುಂಯ್ ನಿಂತಲ್ಲಿ ಬಿಡಿ. ಎಡ ಬಲ ಒಂದೇ ಅಂಕೆ ಬರಬೇಕೆಂದಿಲ್ಲ. ಮೊದಲು ಬಿಇಸಿ ಸೊರಗಿದ್ದರಿಂದ ಸರ್ವೋ ಉಳಿದಿತ್ತು. ಈಗ ಕರೆಂಟು ಧಾರಾಳ ಇದೆ, ಸರ್ವೋ ಮೋಟಾರ್ ಸುಡಬಹುದು. ಇದನ್ನು ಇವತ್ತೇ ಮಾಡಿ.

ಕರಾವಳಿ_ಬಗ್ಗಿ

ಇಷ್ಟು ಚರ್ಚೆ ಆದ ಮೇಲೆ ನನ್ನದೂ ಒಂದು ಪ್ರಶ್ನೆ. ನನ್ನದು ನೈಟ್ರೋ (ಇಂಧನದ ಎಂಜಿನ್ ಇರುವ) ಬಗ್ಗಿ. ಇಎಸ್‌ಸಿಯೇ ಇಲ್ಲ, ರಿಸೀವರ್ ಪ್ಯಾಕ್ ಮಾತ್ರ. 5 ಸೆಲ್ ನಿಕಲ್ ಪ್ಯಾಕ್ ಹಳೆಯದಾಯಿತು. 2ಎಸ್ ಲೈಪೋ ಹಾಕಿ ರೆಗ್ಯುಲೇಟರ್ ಹಾಕಲಾ, ಅಥವಾ ಲೈಫ್ (ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್) ಹಾಕಲಾ? ಸರ್ವೋಗಳು 6 ವೋಲ್ಟಿನವು, 7.4 ವೋಲ್ಟಿನವಲ್ಲ. ಮಳೆಗಾಲದಲ್ಲಿ ಪ್ಲಗ್ ಪಿನ್ ಹಸಿರುಗಟ್ಟುವುದು ಬೇರೆ ನಮ್ಮಲ್ಲಿ.

ತಾಮ್ರದ_ತಂತಿ

2ಎಸ್ ಲೈಫ್ 6.6 ವೋಲ್ಟ್. ಚಾರ್ಜರ್‌ನಿಂದ ತೆಗೆದಾಗ 7ರ ಮೇಲಿದ್ದರೂ ಕೂಡಲೇ ಇಳಿದು ಅಲ್ಲೇ ಬಹಳ ಹೊತ್ತು ನಿಲ್ಲುತ್ತದೆ. ನಿಮ್ಮ 5 ಸೆಲ್ ಪ್ಯಾಕೂ ಬಿಸಿಬಿಸಿ ಇರುವಾಗ 7ರ ಹತ್ತಿರವೇ ಇತ್ತು. ಅದನ್ನು ತಡೆದ ಸರ್ವೋಗಳು ಇದನ್ನೂ ತಡೆಯುವ ಸಾಧ್ಯತೆ ಜಾಸ್ತಿ, ಆದರೂ ಸರ್ವೋದ ಗರಿಷ್ಠ ಮಿತಿ ಒಮ್ಮೆ ನೋಡಿ. ರೆಗ್ಯುಲೇಟರ್ ಇಲ್ಲದಿದ್ದರೆ ಕೆಡುವ ವಸ್ತು ಒಂದು ಕಡಿಮೆ. ನೈಟ್ರೋಗೆ ನನ್ನ ಆಯ್ಕೆ ಲೈಫ್. ಪಿನ್ನಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಹಸಿರು ಬಂದ ಪ್ಲಗ್ ಉಜ್ಜುತ್ತಾ ಕೂರಬೇಡಿ, ಬದಲಿಸಿ.

ನೈಟ್ರೋದಲ್ಲಿ ಇನ್ನೊಂದು ದೊಡ್ಡ ವಿಷಯ. ಫೇಲ್‌ಸೇಫ್ ಇದೆ ಅಂತ ನೆಮ್ಮದಿಯಾಗಿರಬೇಡಿ. ಸಿಗ್ನಲ್ ಹೋದರೆ ಫೇಲ್‌ಸೇಫ್ ಥ್ರಾಟಲ್ ಮುಚ್ಚುತ್ತದೆ. ಕರೆಂಟೇ ಹೋದರೆ ಮುಚ್ಚಲು ಸರ್ವೋಗೆ ಶಕ್ತಿಯೇ ಇರುವುದಿಲ್ಲ. ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಕಾರ್ಬ್ಯುರೇಟರ್‌ಗೆ ರಿಟರ್ನ್ ಸ್ಪ್ರಿಂಗ್ ಹಾಕಿದ್ದೀರಾ?

ಕರಾವಳಿ_ಬಗ್ಗಿ

ಸ್ಪ್ರಿಂಗ್ ಇದೆ, ಸರ್ವೋ ಹಾರ್ನ್ ಕಡೆಗೆ ಕಟ್ಟಿದೆ.

ತಾಮ್ರದ_ತಂತಿ

ಅದನ್ನು ಕಾರ್ಬ್ಯುರೇಟರ್‌ನ ಸ್ಲೈಡಿಗೇ ಕಟ್ಟಿ. ಲಿಂಕೇಜ್ ಕಳಚಿದರೂ ಆಗ ಮುಚ್ಚುತ್ತದೆ. ಆಮೇಲೆ ಎಂಜಿನ್ ಆಫ್ ಇರುವಾಗ, ರಿಸೀವರ್ ಸ್ವಿಚ್ ಕೂಡ ಆಫ್ ಮಾಡಿ, ಥ್ರಾಟಲನ್ನು ಕೈಯಲ್ಲಿ ಪೂರ್ತಿ ತೆರೆದು ಬಿಟ್ಟು ನೋಡಿ. ಐಡಲ್‌ವರೆಗೆ ತಾನೇ ಮುಚ್ಚಬೇಕು. ಅರ್ಧಕ್ಕೆ ನಿಂತರೆ ಸರ್ವೋ ಗೇರ್ ಬಿಗಿ ಇದೆ ಅಂತ, ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಥ್ರಾಟಲ್ ಸರ್ವೋ ಎಳೆಯುವ ಕರೆಂಟೂ ಸ್ವಲ್ಪ ಜಾಸ್ತಿಯಾಗುತ್ತದೆ, ಪ್ಯಾಕ್ ಕೊಳ್ಳುವಾಗ ಅದಕ್ಕೆ ತಕ್ಕ ಹಾಗೆ ಒಂದು ಸೈಜ್ ದೊಡ್ಡದನ್ನೇ ತೆಗೆದುಕೊಳ್ಳಿ.